ಬ್ಯಾಂಕಿಗೆ ಕಟ್ಟಿದ್ದೆಲ್ಲ ಆದಾಯವೇ? ಏಕಪಕ್ಷೀಯ ತೆರಿಗೆ ಆದೇಶಕ್ಕೆ ಮೇಲ್ಮನವಿ

ಪ್ರಶ್ನೆ: ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ನನ್ನದೊಂದು ದಿನಸಿ ಅಂಗಡಿ ಇದೆ. 2019-20ರಲ್ಲಿ ನನ್ನ ಉಳಿತಾಯ ಖಾತೆಗೆ ಒಟ್ಟು 42,60,000 ರೂಪಾಯಿ ನಗದು ಕಟ್ಟಿದ್ದೇನೆ. ಹೆಚ್ಚಿನದು ಅಂಗಡಿಯ ವ್ಯಾಪಾರದ್ದು. ಸ್ವಲ್ಪ ಹಣ ಅಪ್ಪ ಶುಂಠಿ ಮಾರಿ ತಂದದ್ದು, ಇನ್ನು ಸ್ವಲ್ಪ ನಾನೇ ತೆಗೆದು ಮತ್ತೆ ಕಟ್ಟಿದ್ದು. ಆ ವರ್ಷ ರಿಟರ್ನ್ ಹಾಕಿಲ್ಲ. ಮೊನ್ನೆ ಬ್ಯಾಂಕಿಗೆ ಹೋದರೆ ಖಾತೆ ಸ್ಥಗಿತವಾಗಿದೆ ಎಂದರು. ವಿಚಾರಿಸಿದಾಗ 2025ರ ಮಾರ್ಚ್‌ನಲ್ಲೇ ಸೆಕ್ಷನ್ 147 ಮತ್ತು 144ರ ಅಡಿ ಆದೇಶವಾಗಿದ್ದು ತಿಳಿಯಿತು. ಅಷ್ಟೂ ಹಣವನ್ನು ವಿವರಣೆಯಿಲ್ಲದ ಹಣ ಎಂದು ಪರಿಗಣಿಸಿ, ಬಡ್ಡಿ ಸೇರಿ ಸುಮಾರು 70 ಲಕ್ಷ ಕಟ್ಟಲು ಹೇಳಿದ್ದಾರೆ. ಮೂರು ನೋಟಿಸಿಗೆ ಉತ್ತರಿಸಲಿಲ್ಲವೆಂದು 30,000 ದಂಡ ಹಾಕಿದ್ದಾರೆ. ಸೆಕ್ಷನ್ 271ಎಎಸಿ ಅಡಿ ಇನ್ನೊಂದು ದಂಡದ ನೋಟಿಸೂ ಇದೆ. ನೋಟಿಸುಗಳೆಲ್ಲ ಹೋಗಿರುವುದು ಹಿಂದೊಮ್ಮೆ ಸಾಲಕ್ಕಾಗಿ ರಿಟರ್ನ್ ಹಾಕಿಕೊಟ್ಟವರ ಇಮೇಲ್‌ಗೆ. ಅಪೀಲಿನ ಗಡುವು ಮುಗಿದಿದೆ, 144ರ ಆದೇಶಕ್ಕೆ ಅಪೀಲೇ ಇಲ್ಲ, ಇದ್ದರೂ ಮೊದಲು 20% ಕಟ್ಟಬೇಕು ಎನ್ನುತ್ತಾರೆ. ಅಂಗಡಿ ಮಾರಿದರೂ ಅಷ್ಟು ಹಣ ಬರುವುದಿಲ್ಲ. ಜೈಲಾಗುತ್ತದೆಯೇ ಎಂದು ಮನೆಯಲ್ಲಿ ಹೆದರಿದ್ದಾರೆ. ಏನು ಮಾಡಲಿ?

ಉತ್ತರ: ಕೈಗೆ ಬಂದದ್ದೇ 42 ಲಕ್ಷ, ಅದರಲ್ಲೂ ಬಹುಪಾಲು ಸಗಟು ವ್ಯಾಪಾರಿಗಳಿಗೆ ಹೋದ ದುಡ್ಡು. ಹಾಗಿರುವಾಗ 70 ಲಕ್ಷ ಕಟ್ಟು ಎಂದರೆ ಯಾರಿಗಾದರೂ ಎದೆ ಒಡೆಯುತ್ತದೆ. ಅಂಗಡಿ ಮಾರುವ ಯೋಚನೆಯನ್ನು ಮೊದಲು ಬದಿಗಿಡಿ. ನಿಮ್ಮ ಪ್ರಕರಣದಲ್ಲಿ ಹೇಳಲು ಗಟ್ಟಿಯಾದ ಮಾತುಗಳಿವೆ. ಆದರೆ ಅವುಗಳಲ್ಲಿ ಒಂದನ್ನೂ ಇದುವರೆಗೆ ಯಾರೂ ಹೇಳಿಲ್ಲ. ಆದೇಶ ಇಷ್ಟು ದೊಡ್ಡದಾಗಲು ಅದೇ ಕಾರಣ.

70 ಲಕ್ಷ ಹೇಗಾಯಿತು ಎಂಬುದನ್ನು ಮೊದಲು ನೋಡೋಣ. ಎಲ್ಲಿಂದ ಬಂತೆಂದು ವಿವರಿಸದ ಹಣವನ್ನು ಸೆಕ್ಷನ್ 69ಎ ಅಡಿ ಆದಾಯವೆಂದು ಹಿಡಿದರೆ, ಅದಕ್ಕೆ ಸಾಮಾನ್ಯ ದರ ಅನ್ವಯಿಸುವುದಿಲ್ಲ. ಸೆಕ್ಷನ್ 115ಬಿಬಿಇ ಬರುತ್ತದೆ. 60% ತೆರಿಗೆ, ಆ ತೆರಿಗೆಯ ಮೇಲೆ 25% ಸರ್‌ಚಾರ್ಜ್, ಅದರ ಮೇಲೆ 4% ಸೆಸ್, ಒಟ್ಟು 78%. ನಿಮ್ಮ ಲೆಕ್ಕದಲ್ಲಿ ಅದು 33,22,800 ರೂಪಾಯಿ. ಮೂಲ ವಿನಾಯಿತಿಯೂ ಇಲ್ಲ, ಖರ್ಚು ಕಳೆಯಲೂ ಅವಕಾಶವಿಲ್ಲ. ರಿಟರ್ನ್ ಹಾಕದ್ದಕ್ಕೆ 234ಎ ಬಡ್ಡಿ, ಮುಂಗಡ ತೆರಿಗೆ ಕಟ್ಟದ್ದಕ್ಕೆ 234ಬಿ ಬಡ್ಡಿ, ಎರಡೂ ತಿಂಗಳಿಗೆ 1%. ಸುಮಾರು ಐದು ವರ್ಷ ಹೀಗೇ ಬೆಳೆದು ಬಡ್ಡಿಯೇ ಅಸಲನ್ನು ಮೀರಿದೆ. ಈ ಇಡೀ ಕಟ್ಟಡ ನಿಂತಿರುವುದು 69ಎ ಎಂಬ ಒಂದೇ ಕಂಬದ ಮೇಲೆ. ಅಲ್ಲಾಡಿಸಬೇಕಾದ್ದು ಅದನ್ನು.

147 ಎಂದರೆ ಹಳೆಯ ವರ್ಷದ ಪ್ರಕರಣವನ್ನು ಮರುತೆರೆದು ಆದಾಯ ನಿರ್ಧರಿಸುವುದು. 144ರ ಆದೇಶವನ್ನು ಜನ ಶಿಕ್ಷೆ ಎಂದುಕೊಂಡಿದ್ದಾರೆ. ಅದು ಅಂದಾಜು ಮಾತ್ರ. ತೆರಿಗೆದಾರ ರಿಟರ್ನ್ ಹಾಕದಿದ್ದಾಗ, ಅಥವಾ ವಿವರ ಕೇಳುವ 142(1), 143(2)ರ ನೋಟಿಸಿಗೆ ಸ್ಪಂದಿಸದಿದ್ದಾಗ, ಅಧಿಕಾರಿ ತಾನು ಕಲೆಹಾಕಿದ ಮಾಹಿತಿಯನ್ನು ಪರಿಗಣಿಸಿ ತನ್ನ ವಿವೇಚನೆಯಂತೆ ಆದಾಯ ನಿರ್ಧರಿಸಬಹುದು ಎಂದಷ್ಟೇ ಕಾಯ್ದೆ ಹೇಳುತ್ತದೆ. ಇದನ್ನೇ ಬೆಸ್ಟ್ ಜಡ್ಜ್‌ಮೆಂಟ್ ಅಸೆಸ್‌ಮೆಂಟ್ ಎನ್ನುವುದು. ಊಹೆ ಇರಲೇಬೇಕು, ಆದರೆ ಅದು ಪ್ರಾಮಾಣಿಕ ಊಹೆಯಾಗಿರಬೇಕು, ಸೇಡಿನಿಂದಲೋ ಮನಸ್ಸಿಗೆ ಬಂದಂತೆಯೋ ಮಾಡಿದ್ದಾಗಿರಬಾರದು ಎಂದು ಲಕ್ಷ್ಮೀನಾರಾಯಣ ಬದ್ರಿದಾಸ್ ಪ್ರಕರಣದಲ್ಲಿ ಅಂದಿನ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1937ರಲ್ಲೇ ಹೇಳಿತ್ತು. ವೇಲುಕುಟ್ಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಅದೇ ದಾರಿ ಹಿಡಿಯಿತು: ಅಂದಾಜಿಗೂ ದಾಖಲೆಯಲ್ಲಿರುವ ಸಂಗತಿಗೂ ನಂಟಿರಬೇಕು. ಈ ಮಾತು ಇಂದಿಗೂ ಬಳಕೆಯಲ್ಲಿದೆ, ನಿಮ್ಮ ಅಪೀಲಿನಲ್ಲೂ ಬಳಸಬೇಕು. ನಿಮ್ಮ ಖಾತೆಯ ಸ್ಟೇಟ್‌ಮೆಂಟ್ ಅಧಿಕಾರಿಯ ಮುಂದೆಯೇ ಇತ್ತು. ಅದರಲ್ಲಿ ಠೇವಣಿಯ ಬೆನ್ನಿಗೇ ಸಗಟು ವ್ಯಾಪಾರಿಗಳಿಗೆ ಚೆಕ್ಕು, ಎನ್ಇಎಫ್‌ಟಿ ಹೋಗಿದ್ದರೆ, ಒಳಬಂದದ್ದನ್ನು ಮಾತ್ರ ಎಣಿಸಿ ಹೊರಹೋದದ್ದನ್ನು ನೋಡದ ಅಂದಾಜು ಪ್ರಾಮಾಣಿಕ ಅಂದಾಜೇ ಎಂದು ನೀವು ಕೇಳಬಹುದು.

ಅಪೀಲೇ ಇಲ್ಲ ಎಂಬುದು ತಪ್ಪು ಮಾಹಿತಿ. 144ರ ಆದೇಶದ ವಿರುದ್ಧ ಸೆಕ್ಷನ್ 246ಎ ಅಡಿ ಆಯುಕ್ತರಿಗೆ, ಅಂದರೆ ಅಪೀಲು ಕಮಿಷನರ್‌ಗೆ, ಮೇಲ್ಮನವಿ ಇದೆ. ಫಾರಂ 35 ಅನ್ನು ಇ-ಫೈಲಿಂಗ್ ಪೋರ್ಟಲ್‌ನಲ್ಲೇ ಸಲ್ಲಿಸಬೇಕು. ನಿರ್ಧರಿತ ಆದಾಯ 2 ಲಕ್ಷ ಮೀರಿದ್ದರಿಂದ ಶುಲ್ಕ 1,000 ರೂಪಾಯಿ. ವಿಚಾರಣೆ ಈಗ ಬಹುಮಟ್ಟಿಗೆ ಮುಖಾಮುಖಿಯಿಲ್ಲದೆ, ಲಿಖಿತ ಉತ್ತರಗಳ ಮೇಲೆ ನಡೆಯುತ್ತದೆ.

ಅಪೀಲು ಸ್ವೀಕರಿಸಲು 20% ಕಟ್ಟಬೇಕು ಎಂಬುದು ಅರ್ಧ ಸತ್ಯ, ಬೇರೆ ಎರಡು ವಿಷಯಗಳನ್ನು ಕಲಸಿಕೊಂಡದ್ದು. 20% ಎಂಬುದು ನೇರ ತೆರಿಗೆ ಮಂಡಳಿಯ 2017ರ ಜುಲೈ 31ರ ಸೂಚನೆಯಿಂದ ಬಂದದ್ದು. ಅದು ಅಪೀಲು ಬಾಕಿ ಇರುವಾಗ ವಸೂಲಿಗೆ ತಡೆ ಕೊಡುವ ಬಗ್ಗೆ, ಅಪೀಲು ಸಲ್ಲಿಸುವ ಬಗ್ಗೆ ಅಲ್ಲ. ಅಪೀಲು ದಾಖಲಾಗಲು ಬೇಕಾದ ಹಣ ಸೆಕ್ಷನ್ 249(4)ರದ್ದು. ರಿಟರ್ನ್ ಹಾಕಿದ್ದರೆ ಅದರಲ್ಲಿ ಒಪ್ಪಿಕೊಂಡ ತೆರಿಗೆ ಕಟ್ಟಿರಬೇಕು. ಹಾಕಿಲ್ಲದಿದ್ದರೆ ಆ ವರ್ಷ ಕಟ್ಟಬೇಕಿದ್ದ ಮುಂಗಡ ತೆರಿಗೆಯಷ್ಟು ಕಟ್ಟಿರಬೇಕು. ಇಲ್ಲಿ ಎಡವಿದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಫಾರಂನ ಆ ಕಾಲಮಿನಲ್ಲಿ ಯೋಚಿಸದೆ ‘ಕಟ್ಟಿಲ್ಲ’ ಎಂದು ಗುರುತು ಹಾಕಿ ಸುಮ್ಮನಾಗುತ್ತಾರೆ. ಒಳಗಿನ ವಿಷಯವನ್ನು ಯಾರೂ ನೋಡುವ ಮೊದಲೇ ಅಪೀಲು ವಜಾ ಆಗುತ್ತದೆ. ನಿಮ್ಮ ನಿಜವಾದ ಆದಾಯಕ್ಕೆ ಮುಂಗಡ ತೆರಿಗೆ ಬರುತ್ತಿತ್ತೇ? ಲೆಕ್ಕ ಹಾಕೋಣ.

ಉದಾಹರಣೆಗೆ 42,60,000ದಲ್ಲಿ 33,00,000 ಅಂಗಡಿ ವ್ಯಾಪಾರ, 4,60,000 ಅಪ್ಪನ ಶುಂಠಿ ಹಣ, 5,00,000 ನೀವೇ ತೆಗೆದು ಮತ್ತೆ ಕಟ್ಟಿದ್ದು ಎಂದಿಟ್ಟುಕೊಳ್ಳಿ. ನಿಮ್ಮ ನಿಜವಾದ ಅಂಕಿಗಳನ್ನು ಸ್ಟೇಟ್‌ಮೆಂಟ್ ಹಿಡಿದು ನೀವೇ ಹಾಕಿಕೊಳ್ಳಬೇಕು. ಲೆಕ್ಕಪುಸ್ತಕ ಇಡದ ಸಣ್ಣ ವ್ಯಾಪಾರಿಗೆ ಸೆಕ್ಷನ್ 44ಎಡಿ ಅಡಿ ನಗದು ವಹಿವಾಟಿನ 8% ಲಾಭ ಎಂದು ತೋರಿಸುವ ದಾರಿ ಇದೆ. 33 ಲಕ್ಷಕ್ಕೆ ಅದು 2,64,000. ಆ ವರ್ಷ ಮೂಲ ವಿನಾಯಿತಿ 2,50,000. ಉಳಿದ 14,000ಕ್ಕೆ 5% ಎಂದರೆ 700 ರೂಪಾಯಿ. 5 ಲಕ್ಷದೊಳಗಿನ ಆದಾಯಕ್ಕೆ ಸೆಕ್ಷನ್ 87ಎ ರಿಯಾಯಿತಿ ಇದ್ದುದರಿಂದ ಅದೂ ಶೂನ್ಯ. ತೆರಿಗೆ 10,000 ಮುಟ್ಟದವರಿಗೆ ಮುಂಗಡ ತೆರಿಗೆಯ ಹೊಣೆಯೇ ಇಲ್ಲ. ಹಾಗಾಗಿ ಆ ಕಾಲಮಿನಲ್ಲಿ ಮುಂಗಡ ತೆರಿಗೆ ಅನ್ವಯಿಸುವುದಿಲ್ಲ ಎಂದು ಈ ಲೆಕ್ಕದ ಸಮೇತ ಬರೆಯಿರಿ. ಜೊತೆಗೆ, ಒಂದು ವೇಳೆ ಬರುತ್ತದೆ ಎಂದು ಭಾವಿಸಿದರೂ ವಿನಾಯಿತಿ ಕೊಡಿ ಎಂಬ ಅರ್ಜಿಯನ್ನೂ ಇಡಿ. ರಿಟರ್ನ್ ಹಾಕದ ಪ್ರಕರಣಗಳಲ್ಲಿ ಸಮರ್ಪಕ ಕಾರಣವಿದ್ದರೆ ಆ ವಿನಾಯಿತಿ ಕೊಡುವ ಅಧಿಕಾರ ಆಯುಕ್ತರಿಗಿದೆ.

70 ಲಕ್ಷಕ್ಕೂ ಸೊನ್ನೆಗೂ ನಡುವೆ ಇರುವುದು ದಾಖಲೆ ಮಾತ್ರ. ಆದರೆ ಒಂದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು: ಆದಾಯ 2,50,000 ಮೀರಿದ್ದರಿಂದ ನೀವು ರಿಟರ್ನ್ ಹಾಕಬೇಕಿತ್ತು. ಅದನ್ನು ಮುಚ್ಚಿಡಬೇಡಿ. ತಪ್ಪನ್ನು ನೇರವಾಗಿ ಒಪ್ಪಿಕೊಂಡ ಅರ್ಜಿಯ ಉಳಿದ ಮಾತಿಗೂ ತೂಕ ಬರುತ್ತದೆ.

ಇನ್ನು ಗಡುವು. ಡಿಮ್ಯಾಂಡ್ ನೋಟಿಸ್ ತಲುಪಿದ 30 ದಿನದೊಳಗೆ ಅಪೀಲು ಹಾಕಬೇಕು. ತಡವಾದರೆ ಸಾಕಷ್ಟು ಕಾರಣ ತೋರಿಸಿ ಮನ್ನಾ ಕೇಳಬಹುದು, ಅದು 249(3). ಕಾಟಿಜಿ ಪ್ರಕರಣದಲ್ಲಿ 1987ರಲ್ಲಿ ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಉದಾರವಾಗಿರಬೇಕೆಂದು ಹೇಳಿದೆ. ತಡಮಾಡಿದವನಿಗೆ ಅದರಿಂದ ಲಾಭವೇನೂ ಇಲ್ಲ, ನಷ್ಟದ ಅಪಾಯವೇ ಹೆಚ್ಚು ಎಂಬುದು ಅಲ್ಲಿನ ತರ್ಕ. ಆದರೆ ‘ನೋಟಿಸ್ ಸಿಗಲಿಲ್ಲ’ ಎಂಬ ಒಂದು ಸಾಲು ಸಾಲದು. ಪೋರ್ಟಲ್‌ನಲ್ಲಿ ನಿಮ್ಮ ಪ್ರೊಫೈಲ್ ತೆರೆದು ಯಾವ ಇಮೇಲ್, ಯಾವ ಮೊಬೈಲ್ ನಮೂದಾಗಿತ್ತು ಎಂಬುದರ ಪ್ರತಿ ತೆಗೆಯಿರಿ. ಆ ಇಮೇಲ್ ಯಾರದು ಎಂದು ಅವರಿಂದಲೇ ಒಂದು ಪತ್ರ ಬರೆಸಿಕೊಳ್ಳಲು ಯತ್ನಿಸಿ. ಖಾತೆ ಸ್ಥಗಿತವಾದದ್ದು ತಿಳಿದ ದಿನ, ಆದೇಶದ ಪ್ರತಿ ಸಿಕ್ಕ ದಿನ, ಆಡಿಟರ್ ಬಳಿ ಹೋದ ದಿನ, ಎಲ್ಲವನ್ನೂ ತಾರೀಖಿನ ಸಮೇತ ಅಫಿಡವಿಟ್‌ನಲ್ಲಿ ಬರೆಯಿರಿ. ತಿಳಿದ ಮೇಲೆ ಆದ ತಡವನ್ನು ಮನ್ನಿಸುವುದು ಯಾರಿಗೂ ಕಷ್ಟ. ಆದ್ದರಿಂದ ಇಂದಿನಿಂದ ಒಂದೊಂದು ದಿನಕ್ಕೂ ಬೆಲೆಯಿದೆ. ಇಂದೇ ಪೋರ್ಟಲ್‌ನಲ್ಲಿ ನಿಮ್ಮದೇ ಇಮೇಲ್ ಮತ್ತು ಮೊಬೈಲ್ ಹಾಕಿಸಿ. ಅಪೀಲಿನ ನೋಟಿಸುಗಳೂ ಆ ಹಳೆಯ ವಿಳಾಸಕ್ಕೇ ಹೋದರೆ ಇದೇ ಕತೆ ಮರುಕಳಿಸುತ್ತದೆ.

ನೋಟಿಸ್ ಸಿಗಲಿಲ್ಲ ಎಂಬ ವಾದವೊಂದನ್ನೇ ನೆಚ್ಚಿಕೊಂಡು ಕೂರುವುದು ನಾನು ಕಂಡ ದೊಡ್ಡ ತಪ್ಪು. ಆ ವಾದ ಬಾಗಿಲು ತೆರೆಸುತ್ತದೆ, ಅಷ್ಟೇ. ಒಳಗೆ ಹೋದ ಮೇಲೆ ಹಣದ ಕತೆ ಹೇಳಲೇಬೇಕು. ಬಹಳ ವರ್ಷದ ಹಿಂದೆ ನನ್ನ ಬಳಿ ಬಂದ ಒಬ್ಬ ವ್ಯಾಪಾರಿ ಎರಡು ಹಂತಗಳಲ್ಲಿ ಬರೀ ನೋಟಿಸಿನ ಬಗ್ಗೆ ವಾದಿಸಿ, ಖರೀದಿ ಬಿಲ್ಲುಗಳನ್ನು ಮನೆಯ ಟ್ರಂಕಿನಲ್ಲೇ ಇಟ್ಟುಕೊಂಡಿದ್ದರು. ಕೊನೆಗೆ ತೆಗೆಯುವ ಹೊತ್ತಿಗೆ ಅರ್ಧದಷ್ಟು ಅಕ್ಷರ ಮಾಸಿಹೋಗಿತ್ತು. ಅಪೀಲನ್ನೇ ನಿಮ್ಮ ಮೊದಲ ವಿಚಾರಣೆ ಎಂದು ತಿಳಿದು ಇರುವ ದಾಖಲೆಯನ್ನೆಲ್ಲ ಈಗಲೇ ಇಡಿ. ಅಧಿಕಾರಿಯ ಮುಂದೆ ಇಡದ ಸಾಕ್ಷ್ಯವನ್ನು ಅಪೀಲಿನಲ್ಲಿ ಇಡಲು ನಿಯಮ 46ಎ ಅಡಿ ಅನುಮತಿ ಬೇಕು. ಸಕಾರಣದಿಂದ ಒದಗಿಸಲು ಆಗದಿದ್ದುದು, ಸಾಕಷ್ಟು ಅವಕಾಶ ಸಿಗದಿದ್ದುದು, ಇವೆರಡೂ ಆ ನಿಯಮದಲ್ಲೇ ಹೇಳಿರುವ ಕಾರಣಗಳು. ಅದಕ್ಕೆ ಪ್ರತ್ಯೇಕ ಅರ್ಜಿ ಹಾಕಿ. ಬಿಲ್ಲುಗಳನ್ನು ಸುಮ್ಮನೆ ಅಪ್‌ಲೋಡ್ ಮಾಡಿದರೆ ಅವನ್ನು ಪರಿಗಣಿಸದೆ ಬಿಡುವ ಅಪಾಯವಿದೆ. ಆಯುಕ್ತರು ಅವನ್ನು ಅಧಿಕಾರಿಗೆ ಕಳಿಸಿ ವರದಿ ಕೇಳುತ್ತಾರೆ. ಆ ವರದಿ ನಿಮಗೆ ವಿರುದ್ಧವಾಗಿದ್ದರೆ ಅದಕ್ಕೆ ಉತ್ತರಿಸುವ ಅವಕಾಶವನ್ನು ಕೇಳಿ ಪಡೆಯಿರಿ.

ಯಾವ ದಾಖಲೆ? ಪುರಸಭೆಯ ಟ್ರೇಡ್ ಲೈಸೆನ್ಸ್, ಆಹಾರ ಸುರಕ್ಷತಾ ನೋಂದಣಿ, ಮಳಿಗೆಯ ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ಇವು ಅಂಗಡಿ ಇತ್ತು ಎಂಬುದಕ್ಕೆ. ಸಗಟು ವ್ಯಾಪಾರಿಗಳ ಲೆಡ್ಜರ್ ಪ್ರತಿ ಮತ್ತು ಖರೀದಿ ಬಿಲ್ಲು, ಸರಕು ಬಂತು, ದುಡ್ಡು ಹೋಯಿತು ಎಂಬುದಕ್ಕೆ. ಎಲ್ಲಕ್ಕಿಂತ ಬಲವಾದದ್ದು ಬ್ಯಾಂಕ್ ಸ್ಟೇಟ್‌ಮೆಂಟೇ. ವಾರಕ್ಕೆ ಎರಡು ಮೂರು ಸಲ ಸಣ್ಣ ಸಣ್ಣ ಮೊತ್ತ ಕಟ್ಟಿ, ಮರುದಿನ ಸಗಟು ವ್ಯಾಪಾರಿಗೆ ಕಳಿಸಿದ ನಡೆಯನ್ನು ತಿಂಗಳುವಾರು ಪಟ್ಟಿ ಮಾಡಿ ತೋರಿಸಿದರೆ ಅದು ವ್ಯಾಪಾರದ ಹಣವೆಂದು ನೋಡಿದೊಡನೆ ತಿಳಿಯುತ್ತದೆ. ತೆಗೆದು ಮತ್ತೆ ಕಟ್ಟಿದ ಹಣಕ್ಕೆ ತೆಗೆದ ತಾರೀಖು, ಕಟ್ಟಿದ ತಾರೀಖು, ನಡುವಿನ ದಿನಗಳಲ್ಲಿ ಕೈಯಲ್ಲಿದ್ದ ನಗದು, ಇವಿಷ್ಟರ ಹರಿವಿನ ಪಟ್ಟಿ ಬೇಕು. ಆರು ತಿಂಗಳು ಮನೆಯಲ್ಲಿಟ್ಟು ಕಟ್ಟಿದೆ ಎಂದರೆ ಏಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಎರಡು ಕಡೆ ಹುಷಾರಾಗಿರಿ. ಒಂದು, ಸುಲಭವೆಂದು 42,60,000 ಪೂರ್ತಿ ಅಂಗಡಿ ವ್ಯಾಪಾರ ಎಂದು ಬರೆದುಬಿಡುವುದು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ಆ ವರ್ಷ 40 ಲಕ್ಷ. ಆದಾಯ ತೆರಿಗೆಯಲ್ಲಿ ಬರೆದ ಒಂದು ಸಾಲು ಇನ್ನೊಂದು ಇಲಾಖೆಯ ನೋಟಿಸಾಗಿ ಬರಬಹುದು. ಎರಡು, ಶುಂಠಿ ಹಣವನ್ನು ಅಪ್ಪನಿಂದ ಪಡೆದ ಸಾಲ ಎನ್ನುವುದು. 20,000 ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಿನಲ್ಲಿ ಪಡೆದರೆ 269ಎಸ್ಎಸ್ ಉಲ್ಲಂಘನೆಯಾಗಿ, ಸಾಲದಷ್ಟೇ ದಂಡ ಬೀಳುವ ಅವಕಾಶವಿದೆ. ಉಡುಗೊರೆ ಎಂದರೆ, 2 ಲಕ್ಷ ಮತ್ತು ಮೇಲ್ಪಟ್ಟ ಹಣವನ್ನು ನಗದಿನಲ್ಲಿ ಪಡೆಯಬಾರದೆನ್ನುವ 269ಎಸ್‌ಟಿಯ ಪ್ರಶ್ನೆ ಏಳಬಹುದು. ನಡೆದದ್ದು ಏನೋ ಅದನ್ನೇ ಬರೆಯಿರಿ. ಅಪ್ಪನ ಹಣ ಅಪ್ಪನದಾಗಿಯೇ ನಿಮ್ಮ ಖಾತೆಗೆ ಬಂದು ಅವರ ಖರ್ಚಿಗೇ ಹೋಗಿದ್ದರೆ ಹಾಗೆಂದೇ ಅವರ ಅಫಿಡವಿಟ್ ಇರಲಿ. ಬೆಳೆ ಕಾಲಮಿನಲ್ಲಿ ಶುಂಠಿ ನಮೂದಾದ ಆ ವರ್ಷದ ಪಹಣಿ ಮತ್ತು ಮಾರಿದ ಚೀಟಿ ಜೊತೆಗಿರಲಿ. ಅದು ಅವರ ಕೃಷಿ ಆದಾಯ, ಅದಕ್ಕೆ ತೆರಿಗೆಯಿಲ್ಲ. ಇಲ್ಲದ ಚೀಟಿಯನ್ನು ಈಗ ಬರೆಸಲು ಮಾತ್ರ ಹೋಗಬೇಡಿ. ಒಂದು ಸುಳ್ಳು ಕಾಗದ ಹತ್ತು ನಿಜವಾದ ಕಾಗದಗಳ ಮೇಲಿನ ನಂಬಿಕೆಯನ್ನು ಕೊಲ್ಲುತ್ತದೆ.

ಅಪೀಲಿನಲ್ಲಿ ಏನಾಗಬಹುದು? 8% ಒಪ್ಪಬಹುದು, ಅಥವಾ ಬೇರೆ ದರದಲ್ಲಿ ಲಾಭ ಅಂದಾಜಿಸಬಹುದು. ಸ್ವಲ್ಪ ಹಣಕ್ಕೆ ವಿವರಣೆ ಸಾಲದು ಎಂದು ಅಷ್ಟನ್ನು ಮಾತ್ರ 69ಎ ಅಡಿ ಉಳಿಸಲೂಬಹುದು. 2024ರ ಅಕ್ಟೋಬರ್ 1ರಿಂದ ಇನ್ನೊಂದು ದಾರಿಯೂ ಇದೆ. 144ರ ಆದೇಶವನ್ನು ರದ್ದುಮಾಡಿ ಹೊಸದಾಗಿ ನಿರ್ಧರಿಸಲು ಅಧಿಕಾರಿಗೇ ಹಿಂದಿರುಗಿಸುವ ಅಧಿಕಾರ ಈಗ ಆಯುಕ್ತರಿಗೆ ಬಂದಿದೆ. ಹಾಗಾದರೆ ಈಗಿನ ಡಿಮ್ಯಾಂಡ್ ಹೋಗುತ್ತದೆ, ಆದರೆ ಇಡೀ ವಿಚಾರಣೆ ಮೊದಲಿಂದ ಶುರು. ದಾಖಲೆ ಗಟ್ಟಿಯಿದ್ದರೆ ಇಲ್ಲೇ ತೀರ್ಮಾನಿಸಿ ಎಂದು ಒತ್ತಿ ಕೇಳಿ. ದಾಖಲೆ ಕಲೆಹಾಕಲು ಸಮಯ ಬೇಕಿದ್ದರೆ ಹಿಂದಿರುಗಿಸುವುದೇ ಒಳ್ಳೆಯದು. ಆಯುಕ್ತರಿಗೆ ಆದಾಯವನ್ನು ಹೆಚ್ಚಿಸುವ ಅಧಿಕಾರವೂ ಇದೆ, ನಿಮಗೆ ತಿಳಿಸಿ ಕೇಳಿದ ಮೇಲೆ ಮಾತ್ರ. ಬೇರೆ ಖಾತೆ ಏನಾದರೂ ಇದ್ದರೆ ಆಡಿಟರ್‌ಗೆ ಮೊದಲೇ ಹೇಳಿ.

ಸೋತರೆ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಇದೆ. ಆದೇಶ ತಲುಪಿದ ತಿಂಗಳ ಕೊನೆಯಿಂದ ಎರಡು ತಿಂಗಳ ಗಡುವು, ಶುಲ್ಕ ನಿರ್ಧರಿತ ಆದಾಯದ 1%, ಗರಿಷ್ಠ 10,000. ಸಂಗತಿಗಳನ್ನು ತೂಗಿ ನೋಡುವ ಕೊನೆಯ ಜಾಗ ಅದು. ಹೈಕೋರ್ಟಿಗೆ ಹೋಗಲು ಮಹತ್ವದ ಕಾನೂನು ಪ್ರಶ್ನೆ ಬೇಕು. ನೇರ ರಿಟ್ ಹಾಕಿ ಎಂದು ಕೆಲವರು ಹೇಳಬಹುದು. ನೋಟಿಸ್ ತಲುಪಿಯೇ ಇಲ್ಲವೆಂಬುದು ಕಣ್ಣಿಗೆ ಕಟ್ಟುವಂತಿದ್ದರೆ ಅದೂ ದಾರಿಯೇ. ಆದರೆ ಅಪೀಲಿನ ಅವಕಾಶ ಇರುವಾಗ ನ್ಯಾಯಾಲಯ ಸಾಮಾನ್ಯವಾಗಿ ಅಲ್ಲಿಗೇ ಹೋಗಿ ಎನ್ನುತ್ತದೆ, ಆ ಓಡಾಟದಲ್ಲಿ ತಿಂಗಳುಗಳು ಸವೆಯುತ್ತವೆ. ಸೆಕ್ಷನ್ 264ರ ಅಡಿ ಪ್ರಧಾನ ಆಯುಕ್ತರಿಗೆ ಪರಿಷ್ಕರಣೆ ಅರ್ಜಿ ಹಾಕಲು ಒಂದು ವರ್ಷದ ಅವಕಾಶ, 500 ರೂಪಾಯಿ ಶುಲ್ಕ. ಅಲ್ಲಿ ನಿಮಗೆ ಪ್ರತಿಕೂಲವಾಗುವ ಆದೇಶ ಮಾಡುವಂತಿಲ್ಲ. ಆದರೆ ಅಪೀಲಿನ ದಾರಿಯನ್ನು ಬಿಟ್ಟುಕೊಡಬೇಕು, ಸೋತರೆ ನ್ಯಾಯಮಂಡಳಿಗೂ ಹೋಗಲಾಗದು. ನಿಮ್ಮಂತೆ ದಾಖಲೆಯನ್ನು ಕೂಲಂಕಷವಾಗಿ ನೋಡಬೇಕಾದ ಪ್ರಕರಣಕ್ಕೆ ನಾನು ಅಪೀಲನ್ನೇ ಆರಿಸುತ್ತೇನೆ.

ಅಪೀಲು ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ. ಅದಕ್ಕೆ ಸೆಕ್ಷನ್ 220(6)ರ ಅಡಿ ನಿಮ್ಮ ವಾರ್ಡಿನ ಅಧಿಕಾರಿಗೆ ಬೇರೆಯೇ ಅರ್ಜಿ ಕೊಡಬೇಕು, ಖಾತೆ ಬಿಡುಗಡೆಯನ್ನೂ ಅದರಲ್ಲೇ ಕೇಳಬೇಕು. 20% ಎಂದರೆ 14 ಲಕ್ಷ. ನಿಮ್ಮಿಂದ ಆಗದ ಮಾತು. ಆ 20% ಕಲ್ಲಿನ ಮೇಲೆ ಕೊರೆದದ್ದಲ್ಲ, ಪ್ರಕರಣ ನೋಡಿ ಕಡಿಮೆ ಮೊತ್ತಕ್ಕೂ ತಡೆ ಕೊಡಬಹುದು ಎಂದು ಎಲ್‌ಜಿ ಎಲೆಕ್ಟ್ರಾನಿಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅರ್ಜಿಯಲ್ಲಿ ಮೇಲಿನ ಲೆಕ್ಕ, ಅಂಗಡಿಯ ಈಗಿನ ಸ್ಥಿತಿ, ಖಾತೆ ಮುಚ್ಚಿದರೆ ಸರಕು ತರಲಾಗದ ಕಷ್ಟ ಇವನ್ನು ಬರೆದು, ನಿಮ್ಮಿಂದಾಗುವ ಒಂದು ಮೊತ್ತವನ್ನು ಕಂತಿನಲ್ಲಿ ಕಟ್ಟುವುದಾಗಿ ಹೇಳಿ. ಅವರು ಒಪ್ಪದಿದ್ದರೆ ಪ್ರಧಾನ ಆಯುಕ್ತರ ಬಳಿ ಹೋಗಬಹುದು. ತಡೆ ಸಿಕ್ಕರೂ ಕೊನೆಗೆ ಉಳಿಯುವ ಬಾಕಿಗೆ ತಿಂಗಳಿಗೆ 1% ಬಡ್ಡಿ ಓಡುತ್ತದೆ ಎಂಬುದು ನೆನಪಿರಲಿ.

ದಂಡಗಳ ವಿಷಯ. ಎರಡೂ ಬೇರೆ ಬೇರೆ ಜಾತಿಯವು. ಉತ್ತರಿಸದ ನೋಟಿಸಿಗೆ ತಲಾ 10,000 ಹಾಕಿರುವುದು 272ಎ(1)(ಡಿ) ಅಡಿ. ಇದಕ್ಕೆ 273ಬಿ ರಕ್ಷಣೆಯಿದೆ, ಸಮಂಜಸ ಕಾರಣ ತೋರಿಸಿದರೆ ದಂಡವಿಲ್ಲ. ಬೇರೊಬ್ಬರ ಇಮೇಲ್‌ಗೆ ಹೋದ ನೋಟಿಸ್ ನೋಡದಿರುವುದಕ್ಕಿಂತ ಸಮಂಜಸ ಕಾರಣ ಇನ್ನೇನು ಬೇಕು? ಬೇಕೆಂದೇ ಕಾನೂನು ಧಿಕ್ಕರಿಸದವನಿಗೆ, ದಂಡ ಹಾಕಬಹುದು ಎಂಬ ಕಾರಣಕ್ಕೇ ಹಾಕಬಾರದು ಎಂಬ ಹಿಂದೂಸ್ತಾನ್ ಸ್ಟೀಲ್ ಪ್ರಕರಣದ 1969ರ ತೀರ್ಪನ್ನು ಉಲ್ಲೇಖಿಸಿ. ಆದರೆ ಈ ದಂಡದ ಆದೇಶಕ್ಕೆ ಪ್ರತ್ಯೇಕ ಫಾರಂ 35 ಹಾಕಬೇಕು. ಮುಖ್ಯ ಅಪೀಲು ಗೆದ್ದರೆ ಇದೂ ತಾನಾಗಿ ಬಿದ್ದುಹೋಗುತ್ತದೆ ಎಂದು ನಂಬಿ ಕೂತವರು ಕೊನೆಗೆ ಈ ಸಣ್ಣ ಮೊತ್ತವನ್ನೇ ಕಟ್ಟಿದ್ದಾರೆ.

271ಎಎಸಿ ದಂಡ ಎಂದರೆ 115ಬಿಬಿಇ ಅಡಿಯ 60% ತೆರಿಗೆಯ ಮೇಲೆ 10%, ನಿಮಗೆ 2,55,600. 273ಬಿಯ ಪಟ್ಟಿಯಲ್ಲಿ ಇದು ಇಲ್ಲ. ಹಾಗಾಗಿ ಇದರ ಜೀವ 69ಎ ಉಳಿಯುವುದರಲ್ಲಿದೆ. ಹಣವನ್ನು ವ್ಯಾಪಾರದ್ದೆಂದು ಒಪ್ಪಿದರೆ ಈ ದಂಡಕ್ಕೆ ಬುಡವೇ ಇಲ್ಲ. ಇನ್ನೂ ನೋಟಿಸ್ ಹಂತದಲ್ಲಿರುವುದರಿಂದ ಅಪೀಲು ಸಲ್ಲಿಸಿದ ರಸೀದಿ ಲಗತ್ತಿಸಿ, ತೀರ್ಮಾನವಾಗುವವರೆಗೆ ತಡೆಹಿಡಿಯಿರಿ ಎಂದು ಉತ್ತರಿಸಿ. ಆ ನೋಟಿಸನ್ನೂ ಒಮ್ಮೆ ಓದಿ: ಯಾವ ಆಪಾದನೆ, ಯಾವ ಸೆಕ್ಷನ್ ಎಂಬುದು ಸ್ಪಷ್ಟವಿದೆಯೇ? ನಮ್ಮ ಕರ್ನಾಟಕ ಹೈಕೋರ್ಟೇ ಮಂಜುನಾಥ ಕಾಟನ್ ಪ್ರಕರಣದಲ್ಲಿ, ಯಾವ ಆಪಾದನೆಯೆಂದು ಹೇಳದ ಅಚ್ಚು ಹಾಕಿದ ದಂಡದ ನೋಟಿಸು ನಿಲ್ಲದು ಎಂದಿದೆ. ಅದು ಆದಾಯ ಮುಚ್ಚಿಟ್ಟದ್ದಕ್ಕೆ ದಂಡ ಹಾಕುತ್ತಿದ್ದ ಹಳೆಯ 271(1)(ಸಿ) ಕುರಿತದ್ದು, ಆದರೂ ನೋಟಿಸಿನಲ್ಲಿ ಗೊಂದಲವಿದ್ದರೆ ಆ ತತ್ತ್ವವನ್ನು ಇಲ್ಲೂ ಎತ್ತಬಹುದು.

ಜೈಲಿನ ಭಯದ ಬಗ್ಗೆ ಮನೆಯವರಿಗೆ ಹೀಗೆ ಹೇಳಿ. ರಿಟರ್ನ್ ಹಾಕದ್ದಕ್ಕೆ 276ಸಿಸಿ ಅಡಿ ಮೊಕದ್ದಮೆ ಹೂಡುವ ಅವಕಾಶ ಕಾಯ್ದೆಯಲ್ಲಿದೆ. ಆದರೆ ಅದು ಉದ್ದೇಶಪೂರ್ವಕ ತಪ್ಪಿಗೆ. ಮುಂಗಡ ತೆರಿಗೆ, ಟಿಡಿಎಸ್ (ಮೂಲದಲ್ಲೇ ಕಡಿತವಾದ ತೆರಿಗೆ) ಕಳೆದ ಮೇಲೆ ನಿರ್ಧರಿತ ತೆರಿಗೆ 10,000 ಮೀರದಿದ್ದರೆ ಆ ಮೊಕದ್ದಮೆಗೂ ಜಾಗವಿಲ್ಲ. ಅಂದರೆ ಅದೂ ಇದೇ ಅಪೀಲಿನ ಫಲಿತಾಂಶವನ್ನು ಅವಲಂಬಿಸಿದೆ.

2026ರ ಏಪ್ರಿಲ್ 1ರಿಂದ ಜಾರಿಯ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆ. 2019-20ರಂಥ ಹಳೆಯ ವರ್ಷಕ್ಕೆ 1961ರ ಕಾಯ್ದೆಯೇ ಆಧಾರ, ಅರ್ಜಿಯಲ್ಲಿ ಅದೇ ಸಂಖ್ಯೆಗಳಿರಲಿ.

ಈ ವಾರ ಆಡಿಟರ್ ಬಳಿ ಹೋಗುವಾಗ ಆದೇಶ, ಡಿಮ್ಯಾಂಡ್ ನೋಟಿಸ್, ಪೋರ್ಟಲ್‌ನಲ್ಲಿರುವ ಪ್ರತಿ ನೋಟಿಸಿನ ಪ್ರತಿ, 2019ರ ಏಪ್ರಿಲ್‌ನಿಂದ 2020ರ ಮಾರ್ಚ್‌ವರೆಗಿನ ಪೂರ್ತಿ ಸ್ಟೇಟ್‌ಮೆಂಟ್ ಒಯ್ಯಿರಿ. 2024ರಲ್ಲಿ ಪ್ರಕರಣ ಮರುತೆರೆಯುವ ಮುನ್ನ 148ಎ ಅಡಿ ವಿವರಣೆ ಕೇಳಿ ಆದೇಶ ಮಾಡಿದ್ದಾರೆಯೇ, ಮೇಲಧಿಕಾರಿಯ ಅನುಮತಿ ಇದೆಯೇ ಎಂದು ಆಡಿಟರ್ ಬಳಿ ಪರೀಕ್ಷೆ ಮಾಡಿಸಿ. ಲೋಪವಿದ್ದರೆ ಅದನ್ನು ಪ್ರತ್ಯೇಕ ಅಂಶವಾಗಿ ಸೇರಿಸಬೇಕು. 271ಎಎಸಿ ನೋಟಿಸಿಗೆ ಉತ್ತರಿಸಲು ಕೊಟ್ಟಿರುವ ತಾರೀಖನ್ನು ಎಲ್ಲಕ್ಕಿಂತ ಮೊದಲು ನೋಡಿ. ಅದು ಹತ್ತಿರವಿದ್ದರೆ ಅಪೀಲು ಸಿದ್ಧವಾಗುವವರೆಗೆ ಕಾಯದೆ ಅಂದೇ ಪೋರ್ಟಲ್‌ನಲ್ಲಿ ಸಮಯ ಕೇಳಿ ಎರಡು ಸಾಲು ಹಾಕಿಸಿ.